ತೇಪೆಯ ಕಾಲ: ಕ್ಯಾಪಿಟಲ್ ಡೆನಿಮ್ ಸಂಗ್ರಹಗಳಲ್ಲಿ ಬೋರೋ ಬಟ್ಟೆಯ ಓದು

(ಆನ್‌ಲೈನ್ ವಿಚಾರ ಸಂಕಿರಣದಲ್ಲಿ ಮಂಡಿಸಿದ ಪ್ರಬಂಧದ ಬರಹರೂಪ. ಮಾತಿನ ಧಾಟಿಯನ್ನು ಹೆಚ್ಚು ತಿದ್ದಿಲ್ಲ. ಕೊನೆಯಲ್ಲಿ ಚರ್ಚೆಯ ಆಯ್ದ ಭಾಗವಿದೆ.)

ಗಡಿನಾಡ ಕನ್ನಡದ ಗೋಷ್ಠಿಯಲ್ಲಿ ಜಪಾನಿನ ಜೀನ್ಸ್ ಕಂಪನಿಯ ಮಾತು ಯಾಕೆ ಅಂತ ಕೆಲವರಿಗೆ ಅನ್ನಿಸಿರಬಹುದು. ಎರಡು ಕಾರಣ ಹೇಳಿ ಮುಂದೆ ಹೋಗ್ತೀನಿ.

ಒಂದು, ನಾನು ರಾಯದುರ್ಗದ ಕಡೆಯವರು. 1953ರವರೆಗೆ ನಮ್ಮ ತಾಲ್ಲೂಕು ಬಳ್ಳಾರಿ ಜಿಲ್ಲೆಯಲ್ಲಿತ್ತು. ಆಂಧ್ರ ರಾಜ್ಯ ಆದಾಗ ಆದೋನಿ, ಆಲೂರು, ರಾಯದುರ್ಗ ಆ ಕಡೆ ಹೋದವು. ಗಡಿ ಬಂದರೂ ಜೀನ್ಸ್ ಹೊಲಿಗೆ ಮಾತ್ರ ಎರಡೂ ಊರುಗಳಲ್ಲಿ ಬೆಳೆಯಿತು. ನಮ್ಮ ಓಣಿಯಲ್ಲಿ ಮಿಷಿನ್ ಸದ್ದು ಇಲ್ಲದ ಮನೆ ಕಡಿಮೆ. ಎರಡು, ಸಾಹಿತ್ಯ ಓದುವವರು ದಿನಾ ಬಳಸುವ ಒಂದು ಪದ ಫ್ಯಾಷನ್ ಲೋಕದಲ್ಲೂ ಪ್ರತಿ ಆರು ತಿಂಗಳಿಗೊಮ್ಮೆ ಕೇಳಿಬರುತ್ತದೆ. ಆ ಪದ ‘ಸ್ಫೂರ್ತಿ’. ಈ ಋತುವಿನ ಸಂಗ್ರಹಕ್ಕೆ ಸ್ಫೂರ್ತಿ ಇಂಥದ್ದು, ಕಳೆದ ಋತುವಿಗೆ ಇಂಥದ್ದು ಅಂತ. ಸ್ಫೂರ್ತಿ ಅಂದಾಗ ಏನನ್ನು ಒಪ್ಪಿಕೊಂಡ ಹಾಗಾಯಿತು, ಏನನ್ನು ಬಿಟ್ಟ ಹಾಗಾಯಿತು ಅನ್ನುವುದೇ ನನ್ನ ಪ್ರಶ್ನೆ. ಇದನ್ನು ಕೇಳಲು ಕ್ಯಾಪಿಟಲ್ ಅನ್ನುವ ಜಪಾನಿ ಲೇಬಲ್ ತುಂಬಾ ಒಳ್ಳೆಯ ಉದಾಹರಣೆ. ಕೆಟ್ಟ ಕೆಲಸ ಮಾಡುವವರನ್ನು ವಿಮರ್ಶಿಸುವುದು ಸುಲಭ. ಇವರು ಒಳ್ಳೆಯ ಕೆಲಸಗಾರರು. ಹಾಗಾಗಿ ಇಲ್ಲಿ ಪ್ರಶ್ನೆ ಗಟ್ಟಿಯಾಗುತ್ತದೆ.

1. ಕೊಜಿಮಾ ಮತ್ತು ಕ್ಯಾಪಿಟಲ್

ಜಪಾನಿನ ಒಕಯಾಮಾ ಪ್ರಾಂತ್ಯದ ಕುರಾಶಿಕಿ ನಗರಕ್ಕೆ ಸೇರಿದ ಕೊಜಿಮಾ ಒಳನಾಡು ಕಡಲಿನ ದಂಡೆಯ ಊರು. ಸಮುದ್ರವನ್ನು ಹಿಂದೆ ಸರಿಸಿ ಮಾಡಿಕೊಂಡ ಉಪ್ಪುಮಣ್ಣಿನ ನೆಲ ಅದು. ಭತ್ತಕ್ಕೆ ಆ ಮಣ್ಣು ಒಗ್ಗಲಿಲ್ಲ, ಹತ್ತಿಗೆ ಒಗ್ಗಿತು. ಹತ್ತಿಯಿಂದ ನೇಯ್ದ ಪಟ್ಟಿಗಳು, ಬಟ್ಟೆಯ ಕಾಲುಚೀಲಗಳು, ಆಮೇಲೆ ಶಾಲಾ ಸಮವಸ್ತ್ರ, ಹೀಗೆ ಕಸುಬು ಬದಲಾಗುತ್ತಾ ಬಂತು. 1960ರ ದಶಕದ ನಡುವೆ ಇಲ್ಲಿನ ಸಮವಸ್ತ್ರದ ಕಾರ್ಖಾನೆಯೊಂದು ಅಮೆರಿಕದಿಂದ ತರಿಸಿದ ಬಟ್ಟೆಯಲ್ಲಿ ಜೀನ್ಸ್ ಹೊಲಿಯಿತು. ಅಲ್ಲಿಂದ ಕೊಜಿಮಾ ಜಪಾನಿನ ಡೆನಿಮ್ ಊರಾಯಿತು.

ಡೆನಿಮ್ ಬಗ್ಗೆ ಒಂದೆರಡು ಮಾತು ಮೊದಲೇ ಹೇಳಬೇಕು. ಇಡೀ ಪ್ರಬಂಧ ಅದರ ಮೇಲೆ ನಿಂತಿದೆ. ಡೆನಿಮ್‌ನಲ್ಲಿ ಹಾಸಿನ ನೂಲಿಗೆ ಮಾತ್ರ ನೀಲಿ ಬಣ್ಣ, ಹೊಕ್ಕಿನ ನೂಲು ಬಿಳಿ. ಆ ನೀಲಿಯೂ ನೂಲಿನ ಹೊಟ್ಟೆಯವರೆಗೆ ಇಳಿಯುವುದಿಲ್ಲ, ಹೊರಮೈಯಲ್ಲಿ ನಿಲ್ಲುತ್ತದೆ. ಹಾಗಾಗಿ ಉಜ್ಜಿದ ಕಡೆ ಬಿಳುಪು ಕಾಣುತ್ತದೆ. ಮಂಡಿ, ಜೇಬಿನ ಅಂಚು, ಕೂತಾಗ ತೊಡೆಯ ಮೇಲೆ ಬೀಳುವ ಗೆರೆಗಳು, ಎಲ್ಲವೂ ತೊಟ್ಟವರ ಬದುಕಿನ ಗುರುತು. 1873ರಲ್ಲಿ ಲೀವೈ ಸ್ಟ್ರಾಸ್, ಜೇಕಬ್ ಡೇವಿಸ್ ಇಬ್ಬರೂ ತಾಮ್ರದ ಗುಂಡಿಯಂಥ ರಿವೆಟ್ ಬಡಿದ ಪ್ಯಾಂಟಿಗೆ ಪೇಟೆಂಟ್ ಪಡೆದಾಗ ಅದು ಕೂಲಿಯವರ, ಗಣಿಯವರ ಉಡುಪು. ಇಂಗ್ಲಿಷಿನ ‘ಡಂಗರಿ’ ಅನ್ನುವ ಪದ ಕೂಡ ಮುಂಬೈಯ ಡೋಂಗ್ರಿಯ ಒರಟು ಬಟ್ಟೆಯಿಂದ ಹೋದದ್ದು. ಅಂದರೆ ಈ ಬಟ್ಟೆಯ ಮೂಲದಲ್ಲೇ ದುಡಿಮೆ ಇದೆ.

1984ರಲ್ಲಿ ತೊಶಿಕಿಯೊ ಹಿರಾತಾ ಕೊಜಿಮಾದಲ್ಲಿ ತಮ್ಮ ಕಾರ್ಖಾನೆ ಶುರು ಮಾಡಿದರು. ಅದಕ್ಕೆ ಮುಂಚೆ ಅಮೆರಿಕದಲ್ಲಿ ಕರಾಟೆ ಕಲಿಸುತ್ತಿದ್ದವರು, ಅಲ್ಲಿಯ ಹಳೇ ಜೀನ್ಸಿಗೆ ಮನಸೋತವರು. ಮೊದಲು ಬೇರೆ ಬ್ರ್ಯಾಂಡುಗಳಿಗೆ ಹೊಲಿದುಕೊಟ್ಟರು, ಆಮೇಲೆ ತಮ್ಮದೇ ಲೇಬಲ್ ಮಾಡಿದರು. ಮಗ ಕಿರೋ ಹಿರಾತಾ 2000ದ ದಶಕದ ಆರಂಭದಲ್ಲಿ ಸೇರಿಕೊಂಡ ಮೇಲೆ ಕ್ಯಾಪಿಟಲ್‌ಗೆ ಈಗ ನಾವು ಕಾಣುವ ರೂಪ ಬಂತು. ಹೆಸರಿನಲ್ಲಿ ಡೆನಿಮ್ ರಾಜಧಾನಿ ಅನ್ನುವ ಊರಿನ ಹೆಮ್ಮೆ ಇದೆ. ಇಂಗ್ಲಿಷಿನಲ್ಲಿ ಮೊದಲ ಅಕ್ಷರ ಬದಲಿಸಿ ಬರೆಯುತ್ತಾರೆ, ಕನ್ನಡ ಲಿಪಿಯಲ್ಲಿ ಆ ವ್ಯತ್ಯಾಸ ಕಾಣುವುದಿಲ್ಲ. ರಾಜಧಾನಿ, ಬಂಡವಾಳ ಎರಡೂ ಅರ್ಥ ಒಟ್ಟಿಗೇ ಬರುತ್ತವೆ. ನನ್ನ ಓದಿಗೆ ಇದು ಅನುಕೂಲವೇ ಆಯಿತು.

2. ಸಂಗ್ರಹ ಅನ್ನುವ ಪಠ್ಯ

ಕ್ಯಾಪಿಟಲ್ ವರ್ಷಕ್ಕೆ ಎರಡು ಋತುಗಳ ಸಂಗ್ರಹ ಹೊರತರುತ್ತದೆ. ಜೊತೆಗೆ ಒಂದೊಂದು ಲುಕ್‌ಬುಕ್, ಅಂದರೆ ಚಿತ್ರಗಳ ಪುಸ್ತಕ. ಎರಿಕ್ ಕ್ವಾಟೆಕ್ ಅನ್ನುವ ಅಮೆರಿಕನ್ ಛಾಯಾಗ್ರಾಹಕ ಇವುಗಳಲ್ಲಿ ಬಹಳಷ್ಟನ್ನು ಮಾಡಿದ್ದಾರೆ. ಮಾತು ಕಡಿಮೆ, ಚಿತ್ರ ಹೆಚ್ಚು. ಹಿಪ್ಪಿ, ನಾವಿಕ, ಕೌಬಾಯ್, ಯಾವುದೋ ಬಯಲಲ್ಲಿ ಬಿಡಾರ ಹೂಡಿದ ಗುಂಪು, ಹೀಗೆ ಒಂದು ಕತೆಯ ಪಾತ್ರಗಳಂತೆ ಜನ ನಿಂತಿರುತ್ತಾರೆ. ಮೈಮೇಲೆ ಪದರು ಪದರಾಗಿ ಡೆನಿಮ್. ಅದರಲ್ಲಿ ತೇಪೆ ಹಚ್ಚಿದ ಕೋಟು, ಬಂದಾನ ಕರ್ಚೀಫುಗಳನ್ನು ಕೂಡಿಸಿ ಹೊಲಿದ ಅಂಗಿ, ಮೊಣಕೈ ಮೇಲೆ ನಗುಮುಖದ ತೇಪೆ. ನೋಡಲು ಖುಷಿ ಕೊಡುವ ಪುಸ್ತಕಗಳು. ನಾನೂ ಖುಷಿಯಿಂದ ನೋಡಿದ್ದೇನೆ.

ಇವುಗಳನ್ನು ಸಾಹಿತ್ಯದ ವಿದ್ಯಾರ್ಥಿಯಾಗಿ ಓದಿದರೆ ಒಂದು ವಿಷಯ ಬೇಗ ಕಣ್ಣಿಗೆ ಬೀಳುತ್ತದೆ. ಪಾತ್ರಗಳೆಲ್ಲ ಅಲೆಮಾರಿಗಳು. ಮನೆ ಬಿಟ್ಟವರು. ಆದರೆ ಅವರ ಮೈಮೇಲಿರುವ ತೇಪೆ ಬಟ್ಟೆ ಎಲ್ಲಿಂದ ಬಂತು? ಎಲ್ಲಿಗೂ ಹೋಗಲಾಗದವರ ಮನೆಯಿಂದ. ಅದರ ಹೆಸರು ಬೋರೋ.

3. ಬೋರೋ: ಹಿಮದ ನಾಡಿನ ಕೌದಿ

‘ಬೋರೋಬೋರೋ’ ಅಂದರೆ ಜಪಾನಿಯಲ್ಲಿ ಹರಿದು ಚಿಂದಿಯಾದದ್ದು. ಉತ್ತರ ಜಪಾನಿನ ಆವೊಮೊರಿಯ ಕಡೆ ಚಳಿ ಹೆಚ್ಚು, ಹತ್ತಿ ಬೆಳೆಯುವುದಿಲ್ಲ. ರೈತರು ನಾರಿನ ಬಟ್ಟೆ ಉಡುತ್ತಿದ್ದರು. ಗಾಳಿ ತಡೆಯದ ಆ ಬಟ್ಟೆಗೆ ಹಳೇ ಹತ್ತಿ ಬಟ್ಟೆಯ ಚೂರುಗಳನ್ನು ಹಚ್ಚಿ, ಮೇಲೆ ಒತ್ತೊತ್ತಾಗಿ ಸಾದಾ ಹೊಲಿಗೆ ಹಾಕುತ್ತಿದ್ದರು. ಆ ಹೊಲಿಗೆಗೆ ಸಾಶಿಕೊ ಅಂತ ಹೆಸರು. ಚೂರು ಸವೆದರೆ ಅದರ ಮೇಲೆ ಇನ್ನೊಂದು ಚೂರು. ತಲೆಮಾರುಗಳು ಕಳೆದಂತೆ ಬಟ್ಟೆ ದಪ್ಪವಾಗುತ್ತಾ ಹೋಗುತ್ತಿತ್ತು. ‘ದೊಂಜಾ’ ಅನ್ನುವ ಭಾರವಾದ ಹೊದಿಕೆಯ ಒಳಗೆ ಮನೆಯವರು ಒಬ್ಬರ ಮೈಗೊಬ್ಬರು ಒತ್ತಿಕೊಂಡು ಮಲಗುತ್ತಿದ್ದರು. ‘ಬೊದೊಕೊ’ ಅನ್ನುವ ತೇಪೆಯ ಹಾಸಿನ ಮೇಲೆ ಹೆರಿಗೆ ಆಗುತ್ತಿತ್ತು. ಹಿರಿಯರ ಬಟ್ಟೆಯ ಚೂರುಗಳಿಂದ ಮಾಡಿದ ಹಾಸು ಅದು, ಮಗು ನೆಲಕ್ಕೆ ಬರುವುದು ತನ್ನ ಹಿರೀಕರ ಬಟ್ಟೆಯ ಮೇಲೆ.

ಜಪಾನು ಶ್ರೀಮಂತವಾದ ಮೇಲೆ ಇವೆಲ್ಲ ನಾಚಿಕೆಯ ವಸ್ತುಗಳಾದವು. ಜನ ಸುಟ್ಟರು, ಎಸೆದರು. ತನಾಕಾ ಚೂಜಾಬುರೋ ಅನ್ನುವ ಜಾನಪದ ಸಂಗ್ರಾಹಕರು ಆವೊಮೊರಿಯ ಹಳ್ಳಿಗಳಲ್ಲಿ ತಿರುಗಿ ಅವನ್ನು ಉಳಿಸಿದರು. ಅವರ ಸಂಗ್ರಹ ಟೋಕಿಯೋದ ಅಸಾಕುಸಾದ ಅಮ್ಯೂಸ್ ಮ್ಯೂಸಿಯಮ್ಮಿನಲ್ಲಿ 2009ರಿಂದ 2019ರವರೆಗೆ ಪ್ರದರ್ಶನಕ್ಕಿತ್ತು.

ಇಲ್ಲಿ ಕೊಜಿಮಾಕ್ಕೆ ತಿರುಗಿ ಬರಬೇಕು. ಹತ್ತಿ ಬೆಳೆಯದ ಉತ್ತರಕ್ಕೆ ಹತ್ತಿಯ ಹಳೇ ಬಟ್ಟೆ ಬಂದದ್ದು ಹೇಗೆ? ‘ಕಿತಾಮಾಯೆಬುನೆ’ ಅನ್ನುವ ವ್ಯಾಪಾರದ ಹಡಗುಗಳಲ್ಲಿ. ಈ ಹಡಗುಗಳು ಒಸಾಕಾದ ಕಡೆಯಿಂದ ಒಳನಾಡು ಕಡಲು ದಾಟಿ ಜಪಾನ್ ಸಮುದ್ರದ ದಂಡೆಗುಂಟ ಉತ್ತರದ ಹೊಕ್ಕೈಡೋವರೆಗೆ ಹೋಗುತ್ತಿದ್ದವು. ಹೋಗುವಾಗ ಹಳೇ ಬಟ್ಟೆಯೂ ಒಂದು ಸರಕು. ಬರುವಾಗ ಹೆರಿಂಗ್ ಮೀನಿನ ಗೊಬ್ಬರ. ಆ ಗೊಬ್ಬರ ಇಳಿಯುತ್ತಿದ್ದ ಬಂದರುಗಳಲ್ಲಿ ಒಂದು ಶಿಮೊತ್ಸುಯಿ. ಶಿಮೊತ್ಸುಯಿ ಇರುವುದು ಇದೇ ಕೊಜಿಮಾದಲ್ಲಿ. ಇಲ್ಲಿನ ಉಪ್ಪುನೆಲದ ಹತ್ತಿಗೆ ಬಿದ್ದದ್ದು ಉತ್ತರದ ಮೀನಿನ ಗೊಬ್ಬರ.

ಅಂದರೆ ಕೊಜಿಮಾದ ಹತ್ತಿ ಕಸುಬು ಬೆಳೆದದ್ದು ಉತ್ತರದ ಕಡಲಿನ ಮೀನಿನಿಂದ, ಉತ್ತರದ ಬೋರೋ ಬೆಳೆದದ್ದು ದಕ್ಷಿಣ, ಪಶ್ಚಿಮದ ಹಳೇ ಹತ್ತಿಯಿಂದ. ಇಬ್ಬರ ನಡುವೆ ಕೊಡುಕೊಳ್ಳುವಿಕೆ ಇತ್ತು, ಅದು ಸಮಪಾಲಿನದ್ದಾಗಿರಲಿಲ್ಲ. ಈಗ ಕೊಜಿಮಾದ ಒಂದು ಲೇಬಲ್ ಬೋರೋ ತನಗೆ ಸ್ಫೂರ್ತಿ ಅಂದಾಗ ಅದು ದೂರದ್ದೇನನ್ನೋ ಕಂಡು ಮರುಳಾದ ಹಾಗಲ್ಲ. ಹಳೇ ಲೆಕ್ಕ ಒಂದು ಬಾಕಿ ಇದೆ. ನಾನು ನೋಡಿದ ಲುಕ್‌ಬುಕ್ಕುಗಳ ಚಿತ್ರಕತೆಯಲ್ಲಿ ಈ ಹಡಗಿನ ಸುಳಿವು ಸಿಗಲಿಲ್ಲ. ಹಿಪ್ಪಿಗಳು ಸಿಕ್ಕರು.

4. ಸ್ಫೂರ್ತಿ ಮತ್ತು ಋಣ

ನಮ್ಮ ಕಾವ್ಯ ಪರಂಪರೆಯಲ್ಲಿ ಹಿಂದಿನವರ ಕತೆ ತೆಗೆದುಕೊಳ್ಳುವುದು ತಪ್ಪಲ್ಲ. ಪಂಪ ವ್ಯಾಸರ ಕತೆ ತೆಗೆದುಕೊಂಡ, ಅದನ್ನು ಅರಿಕೇಸರಿಗೆ ಹೊಂದುವ ಹಾಗೆ ತಿರುಗಿಸಿಯೂ ಬಿಟ್ಟ. ಆದರೆ ವ್ಯಾಸರ ಹೆಸರನ್ನು ಕಾವ್ಯದ ಆರಂಭದಲ್ಲೇ ಹೇಳಿದ. ಪೂರ್ವಕವಿ ಸ್ಮರಣೆ ಅನ್ನುವುದನ್ನು ನಾವು ಪರೀಕ್ಷೆಗೆ ಓದುವ ಕಾವ್ಯಲಕ್ಷಣ ಅಂತ ದಾಟಿಬಿಡುತ್ತೇವೆ. ಅದು ಸಾಲದ ಪಟ್ಟಿ ಕೂಡ. ಋಣ ಹೇಳಿಕೊಂಡವನು ಎಷ್ಟು ಬದಲಿಸಿದರೂ ಓದುಗರಿಗೆ ಏನು ಬದಲಾಯಿತು ಅಂತ ಅಳೆಯಲು ಬರುತ್ತದೆ. ಸ್ಫೂರ್ತಿ ಅಂದರೆ ಆ ಅಳತೆ ತಪ್ಪಿಹೋಗುತ್ತದೆ. ಎಲ್ಲಿಂದಲೋ ಗಾಳಿ ಬಂತು, ನನಗೆ ಹೊಳೆಯಿತು, ಅಷ್ಟೇ. ಗಾಳಿಗೆ ಯಾರೂ ಸಾಲ ತೀರಿಸಬೇಕಿಲ್ಲ.

ಬೋರೋ ಹೊಲಿದ ಹೆಂಗಸರಿಗೆ ಹೆಸರಿಲ್ಲ, ಯಾರನ್ನು ಸ್ಮರಿಸುವುದು ಅಂತ ಕೇಳಬಹುದು. ಜಾನಪದ ಓದುವವರಿಗೆ ಈ ಪ್ರಶ್ನೆ ಹಳೆಯದು. ಹೆಸರು ಇಲ್ಲದಿದ್ದರೆ ಊರು ಹೇಳಬಹುದು, ಕಾಲ ಹೇಳಬಹುದು, ಯಾಕೆ ಹೊಲಿದರು ಅನ್ನುವುದನ್ನು ಹೇಳಬಹುದು. ತನಾಕಾ ಮಾಡಿದ್ದು ಅದನ್ನೇ.

5. ಎರಡು ಬಗೆಯ ತೇಪೆ

ಈಗ ಬಟ್ಟೆಗೇ ಬರ್ತೀನಿ. ಕ್ಯಾಪಿಟಲ್‌ನ ಡೆನಿಮ್‌ನಲ್ಲಿ ಬೋರೋ ಎರಡು ರೀತಿ ಕಾಣುತ್ತದೆ. ಎರಡಕ್ಕೂ ಒಂದೇ ಬೆಲೆ ಕಟ್ಟಬಾರದು ಅನ್ನುವುದು ನನ್ನ ವಾದದ ಮುಖ್ಯ ಭಾಗ.

ಮೊದಲನೆಯದು ‘ಕಂಟ್ರಿ’ ಅನ್ನುವ ಅವರ ಸಾಲಿನಲ್ಲಿ ಬರುವ ಬೋರೋ ಜಾಕೆಟ್ಟು, ಪ್ಯಾಂಟುಗಳು. ಹೊಸ ಬಟ್ಟೆಯನ್ನು ಹರಿದು, ಸವೆಸಿ, ತೇಪೆ ಹಚ್ಚಿ, ಸಾಶಿಕೊ ಹೊಲಿಗೆ ಹಾಕಿ ಮಾರುತ್ತಾರೆ. ಕೆಲಸ ನುರಿತ ಕೈಯದ್ದು, ನೂರಾರು ಡಾಲರ್ ಬೆಲೆ ಅದಕ್ಕೇ. ಆದರೆ ಇಲ್ಲಿ ಕಾಲ ಮೊದಲೇ ಮುಗಿದಿದೆ. ಕೊಳ್ಳುವವರಿಗೆ ಮಂಡಿ ಸವೆಯುವ ಮುಂಚೆಯೇ ಮಂಡಿಯ ತೇಪೆ ಸಿಗುತ್ತದೆ. ಮೂಲ ಬೋರೋದಲ್ಲಿ ಒಂದು ತೇಪೆ ಅಂದರೆ ಒಂದು ಚಳಿಗಾಲ, ಒಬ್ಬರ ಸಾವು, ಒಂದು ಹೆರಿಗೆ. ಇಲ್ಲಿ ಎಲ್ಲ ತೇಪೆಗೂ ಒಂದೇ ವಯಸ್ಸು. ಸಾಹಿತ್ಯದ ಭಾಷೆಯಲ್ಲಿ ಹೇಳಬೇಕಂದ್ರೆ, ಇದು ಹಳಗನ್ನಡದ ಪದಗಳನ್ನು ಪೋಣಿಸಿ ನಿನ್ನೆ ಬರೆದ ಪದ್ಯದ ಹಾಗೆ. ಪದ ಹಳೆಯದು, ಪದ್ಯಕ್ಕೆ ವಯಸ್ಸಿಲ್ಲ.

ಎರಡನೆಯದು ‘ಸೆಂಚುರಿ ಡೆನಿಮ್’. ಹೆಸರಲ್ಲೇ ನೂರು ವರ್ಷ ಇದೆ. ಇಲ್ಲಿ ತೇಪೆ ಇಲ್ಲ. ಸಾಶಿಕೊ ಹೊಲಿಗೆಯ ಸಾಲುಗಳನ್ನು ನೇಯ್ಗೆಯೊಳಗೇ ತಂದಿದ್ದಾರೆ. ಪರ್ಸಿಮನ್ ಕಾಯಿಯ ಒಗರು ರಸದಿಂದ ಬರುವ ‘ಕಾಕಿಶಿಬು’ ಬಣ್ಣವನ್ನು ಬಳಸಿದ್ದಾರೆ. ಜಪಾನಿನಲ್ಲಿ ಕಾಗದ, ಮರ, ಬಟ್ಟೆ ಗಟ್ಟಿಯಾಗಲಿ ಅಂತ ಹಿಂದಿನಿಂದ ಬಳಸುವ ಬಣ್ಣ ಅದು. ಹೊಸದರಲ್ಲಿ ಪ್ಯಾಂಟು ಕಪ್ಪುನೀಲಿ, ಒರಟು, ಅಷ್ಟೇನೂ ಚೆಂದ ಅಲ್ಲ. ತೊಟ್ಟು ತೊಟ್ಟು ನೀಲಿ ಹೋದಂತೆ ಒಳಗಿನ ಕಂದು ನೂಲಿನ ಸಾಲು ಮೇಲೇಳುತ್ತದೆ. ಎಲ್ಲಿ ಏಳುತ್ತದೆ ಅನ್ನುವುದು ತೊಟ್ಟವರು ಹೇಗೆ ಕೂತರು, ಹೇಗೆ ನಡೆದರು ಅನ್ನುವುದರ ಮೇಲೆ. ಇಲ್ಲಿ ಲೇಬಲ್ಲು ಕಾಲವನ್ನು ಮುಗಿಸಿಕೊಟ್ಟಿಲ್ಲ, ತೊಟ್ಟವರ ಕೈಗೆ ಬಿಟ್ಟಿದೆ.

ಇವೆರಡರಲ್ಲಿ ಬೋರೋ ಹಾಗೆ ಕಾಣುವುದು ಮೊದಲನೆಯದು. ಬೋರೋ ಹಾಗೆ ಬದುಕುವುದು ಎರಡನೆಯದು. ರೂಪ ಬಿಟ್ಟು ವಿಧಾನ ಹಿಡಿದದ್ದರಿಂದ ಸೆಂಚುರಿ ಡೆನಿಮ್ಮೇ ಕ್ಯಾಪಿಟಲ್‌ನ ನಿಜವಾದ ಅನುವಾದ ಅಂತ ನಾನು ತಿಳಿದಿದ್ದೇನೆ. ಒಂದು ತೊಡಕು ಮಾತ್ರ ಉಳಿಯುತ್ತದೆ. ಹತ್ತು ವರ್ಷ ತೊಟ್ಟರೆ ಚೆಂದವಾಗುವ ಬಟ್ಟೆಯನ್ನು ಆರು ತಿಂಗಳಿಗೊಂದು ಹೊಸ ಸಂಗ್ರಹ ತರುವ ಅಂಗಡಿಯೇ ಮಾರುತ್ತಿದೆ. ಋತುಸಂಗ್ರಹ ಅನ್ನುವ ವ್ಯವಸ್ಥೆಗೆ ಬಟ್ಟೆ ಹಳತಾಗುವ ಮುಂಚೆಯೇ ಬೇಸರ ಬರಬೇಕು. ಸೆಂಚುರಿ ಡೆನಿಮ್ ಆ ವ್ಯವಸ್ಥೆಯ ಒಳಗಿದ್ದೇ ಅದಕ್ಕೆ ಎದುರು ಮಾತಾಡುತ್ತದೆ. ಈ ಒಳಜಗಳ ಇರುವುದರಿಂದಲೇ ಕ್ಯಾಪಿಟಲ್ ವಿಮರ್ಶೆಗೆ ಯೋಗ್ಯ.

6. ಸವೆತವನ್ನು ಮಾಡುವವರು

ಹೊಸ ಬಟ್ಟೆಗೆ ಹಳೇ ರೂಪ ಕೊಡುವುದು ಕ್ಯಾಪಿಟಲ್ ಒಂದರ ಕೆಲಸ ಅಲ್ಲ. ಈಗಿನ ಜೀನ್ಸ್ ಲೋಕವೇ ಅದರ ಮೇಲೆ ನಡೆಯುತ್ತದೆ. ಪ್ಯೂಮಿಸ್ ಕಲ್ಲು ಹಾಕಿ ತೊಳೆಯುವುದು, ತೊಡೆಯ ಗೆರೆಗಳನ್ನು ಉಪ್ಪುಕಾಗದದಿಂದ ಕೆರೆಯುವುದು, ಪೊಟ್ಯಾಸಿಯಂ ಪರ್ಮಾಂಗನೇಟ್ ಸಿಂಪಡಿಸಿ ಬಿಳುಪು ತರುವುದು. ಟರ್ಕಿಯಲ್ಲಿ ಮರಳು ಊದಿ ಜೀನ್ಸ್ ಸವೆಸುತ್ತಿದ್ದ ಕೆಲಸಗಾರರಿಗೆ ಸಿಲಿಕೋಸಿಸ್ ಬಂತು, ಯುವಕರು ಸತ್ತರು. 2009ರಲ್ಲಿ ಅಲ್ಲಿನ ಸರ್ಕಾರ ಅದನ್ನು ನಿಷೇಧಿಸಿತು. ಒಬ್ಬರ ಪ್ಯಾಂಟು ಹಳೇದಾಗಿ ಕಾಣಲು ಇನ್ನೊಬ್ಬರ ಶ್ವಾಸಕೋಶ ಹಳೇದಾಯಿತು.

ನಮ್ಮೂರಿಗೆ ಬಂದರೆ, ಬಳ್ಳಾರಿಯಿಂದ ಕಟಿಂಗ್ ಆದ ಬಟ್ಟೆ ಕಟ್ಟುಕಟ್ಟಾಗಿ ಬರ್ತದೆ. ನಮ್ಮಮ್ಮ ಜೇಬು ಕೂಡಿಸ್ತಾರೆ, ಪೀಸಿಗೆ ಇಷ್ಟು ಅಂತ ಲೆಕ್ಕ. ಹೊಲಿದದ್ದು ತಿರುಗಿ ವಾಷಿಂಗ್‌ಗೆ ಹೋಗ್ತದೆ. ಒಮ್ಮೆ ನಾನು ಫೋನಿನಲ್ಲಿ ಕ್ಯಾಪಿಟಲ್‌ನ ಬೋರೋ ಜಾಕೆಟ್ ತೋರಿಸಿದೆ. ಅಮ್ಮ ಬೆರಳಲ್ಲಿ ಚಿತ್ರ ದೊಡ್ಡದು ಮಾಡಿ ನೋಡಿದರು. “ಹೊಲಿಗೆ ಚೊಲೋ ಐತಿ. ತೇಪೆ ಹಚ್ಚಿದ ಜಾಗ ಸರಿ ಇಲ್ಲ, ಅಲ್ಲಿ ಯಾವತ್ತೂ ಹರಿಯಂಗಿಲ್ಲ” ಅಂದರು. ಭುಜದ ಹಿಂದೆ ಒಂದು ತೇಪೆ ಇತ್ತು. ಬೆಲೆ ಹೇಳಿದೆ. ಅದಕ್ಕೆ ಅವರು ಏನೂ ಅನ್ನಲಿಲ್ಲ, ಮಿಷಿನ್ ತುಳಿಯಲು ಶುರು ಮಾಡಿದರು.

ಹೊಲಿಗೆ ಚೆನ್ನಾಗಿದೆ, ತೇಪೆ ಜಾಗದಲ್ಲಿಲ್ಲ ಅನ್ನುವುದಕ್ಕಿಂತ ಸರಿಯಾದ ವಿಮರ್ಶೆ ನನಗೆ ಎಲ್ಲೂ ಸಿಕ್ಕಿಲ್ಲ. ತೇಪೆಗೆ ಒಂದು ಕಾರಣ ಇರಬೇಕು ಅಂತ ದುಡಿಯುವ ಕೈಗೆ ಗೊತ್ತು. ಆ ಕಾರಣವನ್ನು ತೆಗೆದ ಮೇಲೆ ತೇಪೆ ಅಲಂಕಾರವಾಗುತ್ತದೆ. ಅಲಂಕಾರ ತಪ್ಪಲ್ಲ. ಆದರೆ ಅದನ್ನು ಅಲಂಕಾರ ಅಂತಲೇ ಕರೆಯಬೇಕು.

7. ನಮ್ಮ ಬೊಂತೆ, ಕೌದಿ

ನಮ್ಮ ಮನೆಯಲ್ಲಿ ಒಂದೇ ವಸ್ತುವಿಗೆ ಎರಡು ಹೆಸರು. ಮನೆಯೊಳಗೆ ಕೌದಿ, ಪಕ್ಕದ ತೆಲುಗರ ಮನೆಯಲ್ಲಿ ಬೊಂತ. ಸೊಲ್ಲಾಪುರ, ಜತ್ತಿನ ಗೆಳೆಯರಿಗೆ ಗೋಧಡಿಯೂ ಗೊತ್ತು. ಹಳೇ ಸೀರೆ, ಧೋತರ ಪದರ ಹಾಕಿ, ಚೂರು ಜೋಡಿಸಿ, ಅಂಚಿನಿಂದ ಒಳಕ್ಕೆ ಸಾಲು ಹೊಲಿಗೆ ಹಾಕ್ತಾ ಬರೋದು. ನಮ್ಮಜ್ಜಿ ಕೊನೇ ಹೊಲಿಗೆ ಮುಚ್ಚುವ ಮುಂಚೆ ಒಳಗೆ ನಾಲ್ಕು ಅಕ್ಕಿಕಾಳು ಹಾಕ್ತಿದ್ದರು, ಬರಿಹೊಟ್ಟೆಯಲ್ಲಿ ಕಳಿಸಬಾರದು ಅಂತ. ಯಲ್ಲಾಪುರ, ಹಳಿಯಾಳದ ಸಿದ್ದಿ ಹೆಂಗಸರ ಕವಂದಿಯಲ್ಲಿ ಮೂಲೆಗಳಿಗೆ ‘ಫೂಲ್’ ಅಂತ ಚಿಕ್ಕ ಮಡಿಕೆ ಚೂರು ಇಡುತ್ತಾರೆ. ಅದಿಲ್ಲದಿದ್ದರೆ ಕವಂದಿ ಬೆತ್ತಲೆ ಅನ್ನುವ ಭಾವನೆ ಇದೆ.

ಇದನ್ನು ಹೇಳುವುದು ‘ನಮ್ಮಲ್ಲೂ ಬೋರೋ ಇದೆ’ ಅಂತ ಸಾಧಿಸಲಿಕ್ಕಲ್ಲ. ಬೋರೋ, ಕೌದಿ ಎರಡನ್ನೂ ‘ಬಡತನದ ಸೌಂದರ್ಯ’ ಅಂತ ಒಂದೇ ಮಾತಿನಲ್ಲಿ ಮುಗಿಸುವುದು ತಪ್ಪು ಅಂತ ತೋರಿಸಲಿಕ್ಕೆ. ಅಕ್ಕಿಕಾಳು, ಫೂಲ್, ಬೊದೊಕೊ ಇವು ಕೊರತೆಯಿಂದ ಹುಟ್ಟಿದ್ದಲ್ಲ. ಹೊಲಿದವರು ಬೇಕೆಂದೇ ಹೆಚ್ಚಿಗೆ ಕೊಟ್ಟದ್ದು. ಅವರಿಗೂ ಒಂದು ವಿನ್ಯಾಸ ಇತ್ತು, ಅದಕ್ಕೊಂದು ಅರ್ಥ ಇತ್ತು. ಫ್ಯಾಷನ್ ಬರಹ ಇವರನ್ನು ಸ್ಫೂರ್ತಿಯ ಕಚ್ಚಾವಸ್ತು ಮಾಡಿ, ವಿನ್ಯಾಸಕಾರ ಅನ್ನುವ ಹೆಸರನ್ನು ಲೇಬಲ್ಲಿಗೆ ಕೊಡುತ್ತದೆ. ನನ್ನ ತಕರಾರು ಇರುವುದು ಇಲ್ಲಿ.

ಅಲೆಮಾರಿಯ ವಿಷಯವನ್ನೂ ಇಲ್ಲಿ ಮುಗಿಸಬೇಕು. ತೇಪೆ ಬಟ್ಟೆಯನ್ನು ಅಲೆಮಾರಿಗೆ ತೊಡಿಸಿದ್ದೇ ಸುಳ್ಳು ಅಂತ ನಾನು ಹೇಳಲಾರೆ, ಯಾಕಂದ್ರೆ ನಮ್ಮಲ್ಲಿ ಬೊಂತಾದೇವಿ ಇದ್ದಾಳೆ. ಕಾಶ್ಮೀರದ ಮಾಂಡವ್ಯಪುರದ ರಾಜಕುಮಾರಿ ನಿಜದೇವಿ ಎಲ್ಲವನ್ನೂ ಬಿಟ್ಟು ಬೆತ್ತಲಾಗಿ ಕಲ್ಯಾಣದ ಕಡೆ ನಡೆದಾಗ ಶಿವನೇ ಬೊಂತೆ ಕೊಟ್ಟನಂತೆ, ಆ ಬೊಂತೆಯೇ ಅವಳ ಹೆಸರಾಯಿತಂತೆ. ಅವಳ ವಚನಗಳ ಅಂಕಿತ ‘ಬಿಡಾಡಿ’. ಜಪಾನಿನ ಬೌದ್ಧ ಭಿಕ್ಷುಗಳಿಗೂ ಎಸೆದ ಚಿಂದಿಯಿಂದ ಹೊಲಿದ ನಿಲುವಂಗಿ ಇದೆ. ಅಂದರೆ ತೇಪೆಯಲ್ಲಿ ತ್ಯಾಗದ ಅರ್ಥ ಹಳೆಯದೇ. ಆದರೆ ಬೊಂತಾದೇವಿ ಬೊಂತೆಗೆ ಬಂದದ್ದು ಅರಮನೆ ಬಿಟ್ಟು. ಲುಕ್‌ಬುಕ್ಕಿನ ಅಲೆಮಾರಿ ಏನು ಬಿಟ್ಟು ಬಂದ ಅನ್ನುವುದು ಚಿತ್ರದಲ್ಲಿಲ್ಲ. ಮನೆಯಲ್ಲೇ ಉಳಿದವರ ಬೋರೋ, ಬಿಟ್ಟು ಹೊರಟವರ ಬೊಂತೆ, ಎರಡಕ್ಕೂ ಒಂದೊಂದು ಬೆಲೆ ತೆತ್ತವರಿದ್ದಾರೆ. ಕ್ಯಾಪಿಟಲ್‌ನ ಚಿತ್ರಗಳು ಎರಡರ ರೂಪವನ್ನೂ ತೆಗೆದುಕೊಂಡು ಎರಡರ ಕಾರಣವನ್ನೂ ಬಿಟ್ಟಿವೆ. ಸೆಂಚುರಿ ಡೆನಿಮ್‌ನಲ್ಲಿ ಮಾತ್ರ ಕಾರಣವನ್ನು ಕಟ್ಟಿಕೊಳ್ಳಲು ತೊಟ್ಟವರಿಗೆ ಜಾಗ ಇದೆ. ಇಷ್ಟು ನನ್ನ ಮಂಡನೆ.

ಚರ್ಚೆ (ಆಯ್ದ ಭಾಗ)

ಪ್ರಶ್ನೆ: ಜಪಾನಿನ ಕಂಪನಿ ಜಪಾನಿನದ್ದೇ ಬಟ್ಟೆಯನ್ನು ಬಳಸಿದೆ. ಹೊರಗಿನವರು ಕದ್ದ ಹಾಗಲ್ಲವಲ್ಲ. ಹಾಗಿದ್ದ ಮೇಲೆ ಋಣದ ಪ್ರಶ್ನೆ ಯಾಕೆ?

ಉತ್ತರ: ಒಳ್ಳೇ ಪ್ರಶ್ನೆ ಮೇಡಂ. ದೇಶ ಒಂದೇ ಆದರೆ ಲೆಕ್ಕ ತೀರಿತು ಅನ್ನುವುದನ್ನು ನಾವು ಗಡಿನಾಡಿನವರು ಒಪ್ಪುವುದು ಕಷ್ಟ. ಆವೊಮೊರಿ, ಕೊಜಿಮಾ ಎರಡೂ ಜಪಾನೇ, ಆದರೆ ಒಂದು ಹತ್ತಿ ಬೆಳೆಯುವ ನಾಡು, ಇನ್ನೊಂದು ಅದರ ಹಳೇ ಬಟ್ಟೆಗೆ ಕಾಯುವ ನಾಡು. ಕದ್ದರು ಅಂತ ನಾನು ಹೇಳಿಲ್ಲ. ಹೇಳದೆ ಬಿಟ್ಟರು ಅಂತ ಹೇಳಿದ್ದು. ಕೊಜಿಮಾದವರಿಗೆ ಹೇಳಲು ಎಷ್ಟು ಚೆಂದದ ಕತೆ ಇದೆ ನೋಡಿ, ಅವರದ್ದೇ ಬಂದರು, ಅವರದ್ದೇ ಹಡಗು.

ಪ್ರಶ್ನೆ: ಬೋರೋಗೆ ಈಗ ಜಗತ್ತಿನಲ್ಲಿ ಗೌರವ ಬಂದಿದ್ದೇ ಇಂಥ ಲೇಬಲ್ಲುಗಳಿಂದ ಅಲ್ವಾ? ಕೌದಿಗೂ ಯಾರಾದರೂ ಹೀಗೆ ಬ್ರ್ಯಾಂಡ್ ಮಾಡಿದರೆ ನಮ್ಮ ಹೆಣ್ಣುಮಕ್ಕಳಿಗೆ ಒಳ್ಳೇದೇ ಆಗೋದಿಲ್ವಾ?

ಉತ್ತರ: ಗೌರವ ಬಂದದ್ದರಲ್ಲಿ ಲೇಬಲ್ಲುಗಳ ಪಾಲು ಖಂಡಿತ ಇದೆ ಸರ್. ನಾಚಿಕೆಯಿಂದ ಸುಡುತ್ತಿದ್ದ ವಸ್ತುವನ್ನು ಜನ ಎತ್ತಿಡುವ ಹಾಗಾದರೆ ಅದು ಸಣ್ಣ ಮಾತಲ್ಲ. ಆದರೆ ತನಾಕಾ ಅವರಂಥ ಸಂಗ್ರಾಹಕರು ಮೊದಲು ಉಳಿಸಿದ್ದರಿಂದ ನೋಡಲು ಏನಾದರೂ ಇತ್ತು. ಕೌದಿಗೆ ಬ್ರ್ಯಾಂಡ್ ಬರಲಿ, ನನ್ನ ವಿರೋಧ ಇಲ್ಲ. ಮೂರು ಪ್ರಶ್ನೆ ಕೇಳಿಕೊಳ್ಳಬೇಕು ಅಷ್ಟೇ. ಹೊಲಿದವರ ಹೆಸರು ಬಟ್ಟೆಯ ಮೇಲೆ ಇರುತ್ತದಾ? ಕೂಲಿ ಪೀಸಿನ ಲೆಕ್ಕದಲ್ಲಾ, ವಿನ್ಯಾಸದ ಲೆಕ್ಕದಲ್ಲಾ? ಯಾವ ಚೂರು ಎಲ್ಲಿ ಕೂರಬೇಕು ಅಂತ ತೀರ್ಮಾನ ಮಾಡುವವರು ಯಾರು? ಮೂರನೆಯದು ಕೈತಪ್ಪಿದರೆ ಮೊದಲೆರಡು ಸಿಕ್ಕರೂ ಕೌದಿ ಹೊಲಿಯುವವರು ಜೇಬು ಕೂಡಿಸುವವರ ಸಾಲಿಗೇ ಬಂದು ನಿಲ್ತಾರೆ. ಆ ಸಾಲು ನಮ್ಮೂರಲ್ಲಿ ಈಗಾಗಲೇ ಉದ್ದ ಇದೆ.

ಪ್ರಶ್ನೆ: ಸಾಹಿತ್ಯ ವಿಭಾಗದಲ್ಲಿ ಬಟ್ಟೆಯ ಮೇಲೆ ಸಂಶೋಧನೆಗೆ ಆಕರ ಏನು? ಮುಂದೆ ಇದನ್ನು ಹೇಗೆ ಬೆಳೆಸ್ತೀರಿ?

ಉತ್ತರ: ಗಡಿಯ ಎರಡೂ ಕಡೆ ತೇಪೆ, ಹೊಲಿಗೆ, ಹೊದಿಕೆಗೆ ಇರುವ ಪದಗಳನ್ನು ಮೊದಲು ಕೂಡಿಸಬೇಕು ಅಂತಿದ್ದೀನಿ. ಕೌದಿ, ಬೊಂತ, ಗೋಧಡಿ, ಕವಂದಿ ಅಂತ ಹೆಸರು ಸಿಕ್ಕರೆ ಸಾಲದು. ಮೂಲೆಯ ಚೂರಿಗೆ ಏನಂತಾರೆ, ಕೊನೇ ಹೊಲಿಗೆಗೆ ಏನಂತಾರೆ, ಹೊಲಿಗೆ ತಪ್ಪಿದರೆ ಹೇಗೆ ಬಯ್ತಾರೆ, ಅದೆಲ್ಲ ಬೇಕು. ಆದೋನಿ, ಮಡಕಶಿರಾ, ಅಕ್ಕಲಕೋಟೆ ಕಡೆಯ ಗೆಳೆಯರು ತಮ್ಮ ಮನೆಯ ಹಿರಿಯರನ್ನು ಕೇಳಿ ಹೇಳಿದರೆ ಉಪಕಾರ ಆಗ್ತದೆ. ಹೇಳಿದವರ ಹೆಸರು, ಊರು ಎರಡನ್ನೂ ಪಟ್ಟಿಯಲ್ಲಿ ಬರೀತೀನಿ.